ಸತ್ತವರನ್ನು ಎಬ್ಬಿಸುವ ಮುನ್ನ: ಮಲೆನಾಡಿನ ಕಲ್ಪನಾಲೋಕಕ್ಕೆ ಯಾವ ಪ್ರೇತವಿದ್ಯೆ?

ಹೋದ ಮಳೆಗಾಲದಲ್ಲಿ ಶಿವಮೊಗ್ಗದ ಹುಡುಗನೊಬ್ಬ ತನ್ನ ಮೊದಲ ಫ್ಯಾಂಟಸಿ ಕಾದಂಬರಿಯ ಹಸ್ತಪ್ರತಿಯನ್ನು ನನಗೆ ಓದಲು ಕೊಟ್ಟಿದ್ದ. ಅಮಾವಾಸ್ಯೆಯ ರಾತ್ರಿ ಕವಲೇದುರ್ಗದ ಕೋಟೆಯ ಮೇಲೆ ಮಾಂತ್ರಿಕನೊಬ್ಬ ಕೈ ಎತ್ತುತ್ತಾನೆ. ನೆಲ ಬಿರಿದು ಹತ್ತು ಸಾವಿರ ಅಸ್ಥಿಪಂಜರಗಳು ಕತ್ತಿ ಹಿಡಿದು ಏಳುತ್ತವೆ. ಬರವಣಿಗೆಯಲ್ಲಿ ಬಿಸಿ ಇತ್ತು, ಕೋಟೆಯ ಮಂಜು ಕಣ್ಣಿಗೆ ಕಟ್ಟುವಂತಿತ್ತು. ಆದರೂ ಆ ಪುಟದಿಂದ ಮುಂದಕ್ಕೆ ಹೋಗಲು ನನಗೆ ಆಗಲಿಲ್ಲ. ಅಷ್ಟು ಮೂಳೆ ಎಲ್ಲಿಂದ ಬಂತು?

ಇದು ಕೊಂಕು ಹುಡುಕುವ ಪ್ರಶ್ನೆಯಲ್ಲ. ಆ ಕೋಟೆಯನ್ನು ಆಳಿದ ಕೆಳದಿಯ ಅರಸರು ವೀರಶೈವರು, ಅವರಲ್ಲಿ ಹೂಳುವ ಪದ್ಧತಿ. ಪಡೆಯಲ್ಲಿದ್ದ ಬೇರೆ ಬೇರೆ ಜಾತಿಗಳವರಲ್ಲಿ ಅನೇಕರು ಚಿತೆಗೆ ಹೋಗಿರಬೇಕು. ಹೂತವರ ಮೂಳೆಯಾದರೂ ಉಳಿದೀತೇ? ನಮ್ಮ ಜಂಬಿಟ್ಟಿಗೆ ನೆಲ ಆಮ್ಲದ ಗುಣದ್ದು. ತೋಟಕ್ಕೆ ಸುಣ್ಣ ಹಾಕುವ ಪ್ರತಿಯೊಬ್ಬರಿಗೂ ಇದು ಗೊತ್ತು. ಅಂಥ ಮಣ್ಣು, ಮೇಲೆ ಅಂಥ ಮಳೆ, ಎರಡೂ ಸೇರಿದರೆ ಮೂಳೆ ನಿಧಾನವಾಗಿ ಕರಗಿಹೋಗುತ್ತದೆ. ಒಣ ನಾಡಿನಲ್ಲಿ, ಕಲ್ಲಿನ ಗೋರಿಗಳೊಳಗೆ ಸಾವಿರಾರು ವರ್ಷ ಉಳಿಯುವ ಅಸ್ಥಿಪಂಜರ ಆಗುಂಬೆಯ ಸೀಮೆಯಲ್ಲಿ ಉಳಿಯುವುದು ಕಷ್ಟ. ಆ ಹುಡುಗ ಹೊರಗಿನ ಕಥೆಗಳಿಂದ ಸೈನ್ಯವನ್ನು ತಂದಿದ್ದ, ಆ ಸೈನ್ಯ ಮಲಗಿದ್ದ ನೆಲವನ್ನು ತಂದಿರಲಿಲ್ಲ.

ಅವನಿಗೆ ಹೇಳಿದ ಮಾತುಗಳನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಕಥೆ ಬರೆಯುವವರಿಗೂ, ಮೇಜಿನ ಸುತ್ತ ಕುಳಿತು ಪಾತ್ರ ವಹಿಸಿ ಆಡುವ ಆಟಕ್ಕೆ ಲೋಕ ಕಟ್ಟುವವರಿಗೂ ಇದು ಉಪಯೋಗಕ್ಕೆ ಬರಬಹುದು. ಸತ್ತವರು ಮರಳಿ ಬರುವುದಕ್ಕೆ ಹಲವು ದಾರಿಗಳಿವೆ. ಪ್ರತಿಯೊಂದೂ ಬೇರೆ ಬಗೆಯ ಕಥೆಯನ್ನು ಹುಟ್ಟಿಸುತ್ತದೆ. ಯಾವುದನ್ನು ಆರಿಸಿಕೊಂಡರೆ ಏನು ಸಿಗುತ್ತದೆ, ಏನು ಕೈಬಿಟ್ಟುಹೋಗುತ್ತದೆ ಎನ್ನುವುದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಮೊದಲು ಹೆಣದ ಲೆಕ್ಕ

ನಿಮ್ಮ ಲೋಕದಲ್ಲಿ ಸತ್ತವರನ್ನು ಏನು ಮಾಡುತ್ತಾರೆ? ಮಂತ್ರದ ವಿಚಾರಕ್ಕೆ ಕೈ ಹಾಕುವ ಮೊದಲು ಇದನ್ನು ತೀರ್ಮಾನಿಸಿ. ಸುಟ್ಟರೆ ದೊಡ್ಡವರೊಬ್ಬರ ದೇಹದಿಂದ ಉಳಿಯುವುದು 2ರಿಂದ 3 ಕಿಲೋ ಬೂದಿ ಮತ್ತು ಮೂಳೆಯ ಚೂರು. ಅದನ್ನೂ ಆಯ್ದು ಮಡಕೆಯಲ್ಲಿ ಕಟ್ಟಿ, ತುಂಗೆ ಭದ್ರೆಯರು ಸೇರುವ ಕೂಡಲಿಯಂಥ ಕಡೆ ನೀರಿಗೆ ಬಿಡುತ್ತಾರೆ. ಲಿಂಗಾಯತರಲ್ಲಿ ದೇಹವನ್ನು ಕುಳಿತ ಭಂಗಿಯಲ್ಲಿ, ಕೈಯಲ್ಲಿ ಇಷ್ಟಲಿಂಗವಿಟ್ಟು ಸಮಾಧಿ ಮಾಡುತ್ತಾರೆ. ಸಂನ್ಯಾಸಿಗಳನ್ನು ಸುಡುವುದಿಲ್ಲ. ಸುಡುವ ಪದ್ಧತಿಯ ಮನೆಗಳಲ್ಲೂ ಹಸುಗೂಸುಗಳನ್ನು ಹೂಳುತ್ತಾರೆ. ಮುಸ್ಲಿಮರ, ಕ್ರೈಸ್ತರ ಸ್ಮಶಾನಗಳು ಬೇರೆ. ಹೀಗೆ ಒಂದೇ ಹೋಬಳಿಯಲ್ಲಿ ನಾಲ್ಕು ಬಗೆಯ ಸಾವಿನ ನೆಲ ಇರುತ್ತದೆ. ಕುಳಿತ ಭಂಗಿಯಲ್ಲಿ ಹೂತವರ ಸಾಲೊಂದು ನೆಲದೊಳಗೆ ಧ್ಯಾನದಲ್ಲಿರುವ ದೃಶ್ಯವನ್ನು ಒಮ್ಮೆ ಕಲ್ಪಿಸಿಕೊಳ್ಳಿ. ಅವರನ್ನು ಎಬ್ಬಿಸಲು ಹೊರಟ ಮಾಂತ್ರಿಕನಿಗೆ ಎದುರಾಗುವುದು ಹೆಣಗಳಲ್ಲ, ತಪಸ್ಸು.

ನನ್ನ ಅಜ್ಜಿ ತೀರಿಕೊಂಡದ್ದು ಆಷಾಢದಲ್ಲಿ, ತೀರ್ಥಹಳ್ಳಿ ಕಡೆಯ ನಮ್ಮ ಊರಿನಲ್ಲಿ. ಮಳೆ ಹೊಳವಾಗದೆ ಮೂರು ದಿನವಾಗಿತ್ತು. ಬೇಸಗೆಯಲ್ಲೇ ಒಣಗಿಸಿ ಕೊಟ್ಟಿಗೆಯ ಅಟ್ಟದಲ್ಲಿ ಒಟ್ಟಿದ್ದ ಸೌದೆ, ಕರಟ, ಅಡಿಕೆ ಸಿಪ್ಪೆ ಎಲ್ಲವನ್ನೂ ಇಳಿಸಿದರು. ನಾಲ್ಕು ಅಡಿಕೆ ದಬ್ಬೆ ನೆಟ್ಟು ಮೇಲೆ ತಗಡು ಹೊದಿಸಿ ಚಿತೆ ಕಟ್ಟಿದರು. ಬೆಂಕಿ ಹಿಡಿಯುವುದಕ್ಕೇ ಬಹಳ ಹೊತ್ತು ಬೇಕಾಯಿತು. ಎಲ್ಲರೂ ಮನೆಗೆ ಮರಳಿದ ಮೇಲೂ ದೊಡ್ಡಪ್ಪ ಕಂಬಳಿ ಕೊಪ್ಪೆ ಹಾಕಿಕೊಂಡು ಅಲ್ಲಿಯೇ ಕುಳಿತಿದ್ದರು. ಪೂರ್ತಿ ಆಗದೆ ಬಿಟ್ಟು ಬರಬಾರದು ಎಂದಷ್ಟೇ ಹೇಳಿದ್ದರು. ಆ ರಾತ್ರಿ ನನಗೆ ಅಜ್ಜಿಯ ಭಯವಾಗಲಿಲ್ಲ. ಅರ್ಧಕ್ಕೆ ನಿಂತುಹೋಗಬಹುದಾದ ಒಂದು ಕೆಲಸದ ಭಯವಾಯಿತು. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯಂಥ ಊರಿನಲ್ಲಿ ಸಾವನ್ನು ಮುಗಿಸುವುದೇ ಒಂದು ಶ್ರಮ. ಮುಂದೆ ಹೇಳುವ ಆಯ್ಕೆಗಳನ್ನೆಲ್ಲ ನಾನು ಆ ತಗಡಿನ ಚಪ್ಪರದ ಕೆಳಗೆ ನಿಂತೇ ಅಳೆಯುತ್ತೇನೆ.

ಎದ್ದು ನಡೆಯುವ ಹೆಣ

ಎಲ್ಲರೂ ಮೊದಲು ಕೈ ಹಾಕುವ ಆಯ್ಕೆ ಇದು: ದೇಹ ಏಳುತ್ತದೆ, ಒಳಗೆ ಯಾರೂ ಇಲ್ಲ. ಜೋಂಬಿ, ಅಸ್ಥಿಪಂಜರ, ಎಬ್ಬಿಸಿದವನ ಅಪ್ಪಣೆಗೆ ಕುಣಿಯುವ ಶವ. ದೃಶ್ಯಕ್ಕೆ ಸುಲಭ, ಆಟದ ಮೇಜಿಗೆ ಇನ್ನೂ ಸುಲಭ. ಇಂಥವುಗಳನ್ನು ಕಡಿದುಹಾಕಿದರೆ ಆಡುವವರ ಮನಸ್ಸಿಗೆ ಕಸಿವಿಸಿಯೂ ಆಗುವುದಿಲ್ಲ.

ತೊಂದರೆ ಇರುವುದು ಯಂತ್ರವಿಧಾನದಲ್ಲಿ. ಮನುಷ್ಯನಲ್ಲಿ 206 ಮೂಳೆಗಳಿವೆ. ಅವನ್ನು ಹಿಡಿದಿಟ್ಟಿರುವುದು ಸ್ನಾಯು ಮತ್ತು ಕೀಲುಗಳನ್ನು ಬಿಗಿದ ಅಸ್ಥಿರಜ್ಜು. ಅವು ಕೊಳೆತ ಮೇಲೆ ಪ್ರತಿ ಹೆಜ್ಜೆಗೂ ಅಷ್ಟೂ ಮೂಳೆಗಳನ್ನು ಮಂತ್ರವೇ ಹಿಡಿದಿರಬೇಕು. ಹಾಗಿದ್ದರೆ ಅದೇ ಶಕ್ತಿಯಿಂದ ಮಾಂತ್ರಿಕ ನೇರವಾಗಿ ಬಂಡೆಯನ್ನೇ ಎಸೆಯಬಹುದಲ್ಲ, ಹೆಣವೇಕೆ ಬೇಕು? ಈ ಪ್ರಶ್ನೆಗೆ ನಿಮ್ಮ ಲೋಕದಲ್ಲಿ ಉತ್ತರವಿರಲಿ. ಕೊಳೆಯುವ ಹೆಣವಾದರೆ ಅವಧಿಯ ಪ್ರಶ್ನೆ. ನಮ್ಮ ಮಳೆಗಾಲದಲ್ಲಿ ಒಂದು ಹಲಸಿನ ಹಣ್ಣು ಅಂಗಳದಲ್ಲಿ ಎಷ್ಟು ದಿನ ತಡೆಯುತ್ತದೆಂದು ಬಲ್ಲವರು ಆ ಸೈನ್ಯಕ್ಕೆ ಎಷ್ಟು ದಿನದ ಆಯುಸ್ಸು ಎಂದೂ ಹೇಳಬಲ್ಲರು.

ಆದರೂ ಈ ಆಯ್ಕೆಯಲ್ಲಿ ಒಂದು ಆಳವಾದ ಸಾಧ್ಯತೆ ಇದೆ, ಅದನ್ನು ಹೆಚ್ಚಿನವರು ಮರೆತಿದ್ದಾರೆ. ಜೋಂಬಿಯ ಕಲ್ಪನೆ ಬೆಳೆದದ್ದು ಹೈಟಿಯಲ್ಲಿ, ಆಫ್ರಿಕಾದಿಂದ ಗುಲಾಮರಾಗಿ ತಂದು ಕಬ್ಬಿನ ತೋಟಗಳಲ್ಲಿ ದುಡಿಸಿದ ಜನರ ನಡುವೆ. ಜೋಂಬಿ ತಮ್ಮನ್ನು ಕಚ್ಚುತ್ತದೆ ಎನ್ನುವ ಭಯ ಅವರದಾಗಿರಲಿಲ್ಲ. ತಾವೇ ಜೋಂಬಿಯಾಗಿಬಿಟ್ಟರೆ, ಸತ್ತ ಮೇಲೂ ಒಡೆಯನ ತೋಟದಲ್ಲಿ ದುಡಿಯಬೇಕಾದರೆ ಎನ್ನುವುದು ಅವರ ಭಯ. ಸಾವಿನಲ್ಲಿಯೂ ಬಿಡುಗಡೆ ಇಲ್ಲ ಎನ್ನುವ ಭಯ. ಮನುಷ್ಯರನ್ನು ತಿನ್ನುವ ಹೆಣಗಳ ಹಿಂಡು ಬಂದದ್ದು ಬಹಳ ತಡವಾಗಿ, 1968ರ ಒಂದು ಅಮೆರಿಕನ್ ಸಿನಿಮಾದ ನಂತರ.

ತೋಟ, ಒಡೆಯ, ಸಾಲ, ದುಡಿಮೆ: ಇವು ಮಲೆನಾಡಿಗೆ ಹೊರಗಿನ ಮಾತುಗಳಲ್ಲ. ನಮ್ಮ ದೇಶದಲ್ಲಿ ಜೀತ ಪದ್ಧತಿಯನ್ನು ರದ್ದುಮಾಡುವ ಕಾಯ್ದೆ ಬಂದದ್ದು 1976ರಲ್ಲಿ. ತಂದೆಯ ಸಾಲಕ್ಕೆ ಮಗ ದುಡಿದ ಮನೆಗಳ ನೆನಪು ಇನ್ನೂ ಆರಿಲ್ಲ. ಸಾಲ ತೀರದೆ ಸತ್ತ ಆಳು ಮರುದಿನ ಬೆಳಿಗ್ಗೆ ಹಾರೆ ಹಿಡಿದು ತೋಟಕ್ಕೆ ಬಂದು ನಿಂತರೆ? ಅವನ ಹೆಂಡತಿ ಬೇಲಿಯಾಚೆಯಿಂದ ನೋಡುತ್ತಿದ್ದರೆ? ಎದ್ದು ನಡೆಯುವ ಹೆಣವನ್ನು ಆರಿಸಿಕೊಳ್ಳುವುದಾದರೆ ಸೈನ್ಯವನ್ನು ಬಿಡಿ, ಈ ಒಬ್ಬನನ್ನು ಬರೆಯಿರಿ.

ಬೇತಾಳ: ಹೆಣದೊಳಗೆ ಬೇರೊಬ್ಬ

ಮೇಲ್ನೋಟಕ್ಕೆ ಇದೂ ನಡೆದಾಡುವ ಹೆಣವೇ. ಒಳಗಿನ ವ್ಯವಸ್ಥೆ ಮಾತ್ರ ಪೂರ್ತಿ ಬೇರೆ. ಹೆಣ ಖಾಲಿ ಮನೆ, ಬೇತಾಳ ಬಂದು ಸೇರಿಕೊಂಡವನು. ಸತ್ತವನಿಗೂ ಅವನಿಗೂ ಸಂಬಂಧವಿಲ್ಲ. ಅವನಿಗೆ ಬುದ್ಧಿ ಇದೆ, ಇಷ್ಟಾನಿಷ್ಟ ಇದೆ, ಕಥೆ ಹೇಳುವ ಚಟ ಇದೆ. ವಿಕ್ರಮನ ಕಥೆಗಳಲ್ಲಿ ಮರದಿಂದ ಶವ ಇಳಿಸಿ ಹೆಗಲಿಗೇರಿಸಿದ ರಾಜ ಬಾಯಿ ಬಿಟ್ಟರೆ ಅದು ಮತ್ತೆ ಮರಕ್ಕೆ ಹೋಗುತ್ತದೆ. ಉತ್ತರ ಗೊತ್ತಿದ್ದೂ ಸುಮ್ಮನಿದ್ದರೆ ತಲೆ ಸಿಡಿಯುತ್ತದೆ. ಹೇಳಿದರೂ ಕಷ್ಟ, ಹೇಳದಿದ್ದರೂ ಕಷ್ಟ. ಇಷ್ಟು ಚಿಕ್ಕ ನಿಯಮದಿಂದ ಇಪ್ಪತ್ತೈದು ಕಥೆಗಳು ಹುಟ್ಟಿವೆ. ಒಂದು ಮಾಯಾವಿದ್ಯೆಗೆ ಇದಕ್ಕಿಂತ ಚೊಕ್ಕವಾದ ಕಟ್ಟಳೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇನ್ನೊಂದು ಮುಖ್ಯ ಸಂಗತಿ ಎಂದರೆ, ಅಲ್ಲಿ ಶವವನ್ನು ಬಯಸಿದ ಭಿಕ್ಷುವಿಗೆ ಅದನ್ನು ತಾನೇ ಹೊತ್ತು ತರುವ ಧೈರ್ಯವಿಲ್ಲ. ಅದಕ್ಕೆ ರಾಜನ ಹೆಗಲು ಬೇಕು. ಕೊನೆಗೆ ರಾಜನನ್ನು ಉಳಿಸುವುದೂ ಬೇತಾಳವೇ. ವಿದ್ಯೆ ಇದ್ದವನು ಒಬ್ಬ, ಧೈರ್ಯ ಇದ್ದವನು ಇನ್ನೊಬ್ಬ, ಸತ್ಯ ಬಲ್ಲದ್ದು ಹೆಣದೊಳಗಿನದು. ಈ ಮೂರು ಮೂಲೆಗಳ ಜಗಳ ಒಂದು ದೊಡ್ಡ ಕಾದಂಬರಿಯನ್ನು ಹೊರಬಲ್ಲದು.

ಜೋಂಬಿಯೋ ಬೇತಾಳವೋ ಎಂದು ತೂಗುತ್ತಿದ್ದರೆ ಹೀಗೆ ಯೋಚಿಸಿ. ನಿಮ್ಮ ಹೆಣ ಮಾತನಾಡಬೇಕೇ? ಹೌದಾದರೆ ಬೇತಾಳ. ಹೆಣದ ಮುಖ ನೋಡಿ ಬದುಕಿರುವವರಿಗೆ ಸಂಕಟವಾಗಬೇಕೇ? ಹಾಗಾದರೂ ಬೇತಾಳವೇ ಹೆಚ್ಚು ಕ್ರೂರ; ಅಪ್ಪನ ಬಾಯಿಂದ ಅಪ್ಪನಲ್ಲದವನ ಮಾತು ಬರುತ್ತದೆ. ಯುದ್ಧದ ದೃಶ್ಯವಷ್ಟೇ ಬೇಕಾದರೆ ಬೇತಾಳವನ್ನು ಬಳಸಬೇಡಿ. ಅವನಿಗೆ ಸಾಲಿನಲ್ಲಿ ನಿಲ್ಲಿಸಿದರೆ ಬೇಸರ.

ಪ್ರೇತ: ದಾರಿಯಲ್ಲಿ ಸಿಕ್ಕಿಕೊಂಡವರು

ನನ್ನ ಮನಸ್ಸು ಹೆಚ್ಚು ನಿಲ್ಲುವುದು ಇಲ್ಲಿ. ನಾವು ಬೈಗುಳಕ್ಕೆ ಬಳಸಿ ಸವೆಸಿದ ಪ್ರೇತ ಎನ್ನುವ ಪದಕ್ಕೆ ಮೂಲದಲ್ಲಿ ‘ಹೊರಟುಹೋದವನು’ ಎಂದಷ್ಟೇ ಅರ್ಥ. ಹೊರಟಿದ್ದಾನೆ, ಇನ್ನೂ ತಲುಪಿಲ್ಲ. ಗರುಡಪುರಾಣದ ಲೆಕ್ಕದಲ್ಲಿ ಸುಟ್ಟ ದೇಹದ ಬದಲಿಗೆ ಅವನಿಗೊಂದು ಹೊಸ ಶರೀರ ಬೇಕು. ಅದನ್ನು ಕಟ್ಟಿಕೊಡುವುದು ಮನೆಯವರು, ದಿನಕ್ಕೊಂದು ಪಿಂಡದಿಂದ. ಮೊದಲ ದಿನದ ಪಿಂಡದಿಂದ ತಲೆ ಮೂಡುತ್ತದೆ. ಮುಂದಿನ ದಿನಗಳಲ್ಲಿ ಒಂದೊಂದೇ ಅಂಗ. ಹತ್ತನೆಯ ದಿನ ಹಸಿವು, ಬಾಯಾರಿಕೆ. ಸತ್ತವನನ್ನು ಹಿರಿಯರ ಸಾಲಿಗೆ ಸೇರಿಸುವ ಸಪಿಂಡೀಕರಣವಾದ ಮೇಲೆ ಅವನು ಪ್ರೇತವಲ್ಲ, ಪಿತೃ. ಹನ್ನೆರಡು ಹದಿಮೂರು ದಿನಗಳಲ್ಲಿ ಅಪರಿಚಿತನೊಬ್ಬ ಮನೆಯ ಹಿರಿಯನಾಗುತ್ತಾನೆ.

ಲೋಕ ಕಟ್ಟುವವರ ಕಣ್ಣಿನಿಂದ ಇದನ್ನು ನೋಡಿ. ಸಮಯಕ್ಕೆ ಕಟ್ಟಿದ, ಹಂತ ಹಂತವಾದ, ಬದುಕಿರುವವರ ಕೈಯಿಂದಲೇ ನಡೆಯಬೇಕಾದ ವಿದ್ಯೆ ಇದು. ಪ್ರೇತವಿದ್ಯೆ ಎಂದರೆ ಇಲ್ಲಿ ಎಬ್ಬಿಸುವುದಲ್ಲ, ತಡೆಯುವುದು. ಏಳನೆಯ ದಿನ ಯಾರೋ ಪಿಂಡವನ್ನು ಕದ್ದರೆ ಅರ್ಧ ಶರೀರದ ಪ್ರೇತ ಉಳಿಯುತ್ತದೆ. ಹತ್ತನೆಯ ದಿನದ್ದನ್ನು ಕೊಟ್ಟು ಮುಂದಿನದನ್ನು ನಿಲ್ಲಿಸಿದರೆ ಹಸಿವು ಬಂದಿದೆ, ಉಣ್ಣುವ ಮನೆಯಿಲ್ಲ. ಆ ಸ್ಥಿತಿಗಿಂತ ಭಯಾನಕವಾದದ್ದನ್ನು ನಾನು ಕಲ್ಪಿಸಲಾರೆ. ಪಿಂಡಕ್ಕೆ ಕಾಗೆ ಬಾರದೆ ಅಂಗಳದಲ್ಲಿ ಇಡೀ ಮನೆಯವರು ಕೈಮುಗಿದು ಕಾಯುವ ಹೊತ್ತನ್ನು ಕಂಡವರಿಗೆ ಈ ಭಯ ವಿವರಿಸಬೇಕಾಗಿಲ್ಲ. ಅಂಥ ಹೊತ್ತಿನಲ್ಲಿ ಯಾರಾದರೊಬ್ಬರು ಮುಂದೆ ಬಂದು, ‘ನಿಮ್ಮ ಮಗಳ ಮದುವೆಯನ್ನು ನಾನು ನಿಂತು ಮಾಡುತ್ತೇನೆ’ ಎಂದು ಸತ್ತವರಿಗೆ ಮಾತು ಕೊಡುತ್ತಾರೆ. ಆಮೇಲೆ ಕಾಗೆ ಇಳಿಯುತ್ತದೆ.

ಘಟ್ಟದ ಕೆಳಗೆ ದಕ್ಷಿಣ ಕನ್ನಡದಲ್ಲಿ ಪ್ರೇತ ಮದುವೆಯ ಪದ್ಧತಿ ಇದೆ. ಮದುವೆಗೆ ಮೊದಲೇ, ಎಷ್ಟೋ ಸಲ ಎಳವೆಯಲ್ಲೇ ತೀರಿಕೊಂಡವರಿಗೆ, ಬೇರೊಂದು ಮನೆಯ ಹಾಗೆಯೇ ತೀರಿಕೊಂಡವರನ್ನು ಹುಡುಕಿ ಎರಡೂ ಕಡೆಯ ಹಿರಿಯರು ಕೂತು ಮದುವೆ ಮಾಡಿಸುತ್ತಾರೆ. ಸತ್ತವರು ಬೆಳೆಯುತ್ತಾರೆ, ಅವರಿಗೂ ವಯಸ್ಸು ಬರುತ್ತದೆ, ಆಸೆ ಇರುತ್ತದೆ ಎನ್ನುವ ನಂಬಿಕೆ ಅದರ ಹಿಂದಿದೆ. ಬೆಳೆಯುವ ಸತ್ತವರು! ಯಾವ ಆಟದ ನಿಯಮಪುಸ್ತಕದಲ್ಲೂ ಇದನ್ನು ನಾನು ಕಂಡಿಲ್ಲ.

ಈ ಆಯ್ಕೆಯ ಕೊರತೆ ಎಂದರೆ ವೇಗ. ಪ್ರೇತದೊಡನೆ ಕತ್ತಿಯುದ್ಧ ಸಾಧ್ಯವಿಲ್ಲ. ಓದುಗರನ್ನು ನಡುಮನೆಯಲ್ಲಿ, ಜಗಲಿಯಲ್ಲಿ, ಅಡಿಗೆಮನೆಯ ಹೊಗೆಯಲ್ಲಿ ಹಿಡಿದು ಕೂರಿಸುವ ತಾಳ್ಮೆ ನಿಮಗಿರಬೇಕು.

ಪೂರ್ತಿ ಮರಳಿ ಬರುವುದು

ಸತ್ತವರು ಸತ್ತೇ ಇಲ್ಲವೆಂಬಂತೆ ಎದ್ದು ಬರುವ ಸಂಜೀವಿನಿ ವಿದ್ಯೆ ಕಥೆಗಾರರಿಗೆ ಅಪಾಯಕಾರಿ. ಒಮ್ಮೆ ಅದನ್ನು ಒಳಗೆ ಬಿಟ್ಟುಕೊಂಡರೆ ಆಮೇಲೆ ಯಾರ ಸಾವೂ ಓದುಗರನ್ನು ತಟ್ಟುವುದಿಲ್ಲ. ಬಿಟ್ಟುಕೊಳ್ಳುವುದಾದರೆ ಕಚನ ಕಥೆಯಿಂದ ಕಲಿಯಿರಿ. ಅಸುರರು ಅವನನ್ನು ಸುಟ್ಟು, ಬೂದಿಯನ್ನು ಮದ್ಯದಲ್ಲಿ ಕಲಸಿ ಗುರು ಶುಕ್ರಾಚಾರ್ಯನಿಗೇ ಕುಡಿಸುತ್ತಾರೆ. ಶಿಷ್ಯನನ್ನು ಕರೆದರೆ ಗುರುವಿನ ಹೊಟ್ಟೆ ಸೀಳಬೇಕು. ಗುರು ಹೊಟ್ಟೆಯೊಳಗಿರುವವನಿಗೆ ಮಂತ್ರ ಕಲಿಸುತ್ತಾನೆ, ಅವನು ಸೀಳಿಕೊಂಡು ಹೊರಬಂದು ಸತ್ತ ಗುರುವನ್ನು ಎಬ್ಬಿಸುತ್ತಾನೆ. ತನ್ನನ್ನು ಪ್ರೀತಿಸಿದ ಗುರುವಿನ ಮಗಳು ದೇವಯಾನಿಯನ್ನು ನಿರಾಕರಿಸಿದಾಗ ಆ ವಿದ್ಯೆ ಅವನಿಗೆ ಫಲಿಸದಿರಲೆಂಬ ಶಾಪ ಬರುತ್ತದೆ. ಬೇರೆಯವರಿಗೆ ಕಲಿಸಬಲ್ಲ, ತಾನು ಬಳಸಲಾರ. ಒಂದು ಜೀವಕ್ಕೆ ಇನ್ನೊಂದು ಜೀವ, ವಿದ್ಯೆಗೆ ಪ್ರೀತಿಯ ಬೆಲೆ. ಇಷ್ಟು ಬೆಲೆ ಇಟ್ಟರೆ ಮಾತ್ರ ಸಂಜೀವಿನಿ ಕಥೆಯನ್ನು ಕೊಲ್ಲದೆ ಉಳಿಯುತ್ತದೆ.

ಪರಕಾಯ ಪ್ರವೇಶವನ್ನು ಇದರ ಪಕ್ಕದಲ್ಲಿಡಬಹುದು. ಶೃಂಗೇರಿಯ ನೆರೆಯಲ್ಲಿರುವ ನಮಗೆ ಶಂಕರಾಚಾರ್ಯರು ಅಮರುಕ ರಾಜನ ಮೃತದೇಹವನ್ನು ಹೊಕ್ಕ ಕಥೆ ಹೊಸದಲ್ಲ. ಅದರಲ್ಲಿ ನನ್ನನ್ನು ಹಿಡಿಯುವುದು ಗುಹೆಯಲ್ಲಿ ಗುರುವಿನ ಉಸಿರಿಲ್ಲದ ದೇಹವನ್ನು ಕಾಯುತ್ತಿದ್ದ ಶಿಷ್ಯರು. ರಾಜ್ಯದಲ್ಲಿ ಎಲ್ಲಿ ಹೆಣ ಕಂಡರೂ ಸುಟ್ಟುಬಿಡಿ ಎಂದು ಮಂತ್ರಿಗಳು ಆಜ್ಞೆ ಹೊರಡಿಸಿದಾಗ ಅವರ ಸ್ಥಿತಿ ಏನಾಗಿರಬೇಡ? ಗೂಢಚರ್ಯೆಯ, ಅರಮನೆಯ ಒಳಸಂಚಿನ ಕಥೆ ಬರೆಯುವವರಿಗೆ ಈ ಆಯ್ಕೆ ಹೇಳಿ ಮಾಡಿಸಿದ್ದು.

ಪ್ರಾಣವನ್ನು ಬೇರೆಡೆ ಬಚ್ಚಿಟ್ಟು ಸಾವನ್ನು ತಪ್ಪಿಸಿಕೊಳ್ಳುವ ಮಾಂತ್ರಿಕನನ್ನು ಪಶ್ಚಿಮದ ಆಟಗಳಲ್ಲಿ ಲಿಚ್ ಎನ್ನುತ್ತಾರೆ. ಹಳೆಯ ಇಂಗ್ಲಿಷಿನಲ್ಲಿ ಆ ಪದಕ್ಕೆ ಹೆಣ ಎಂದೇ ಅರ್ಥ. ನಮ್ಮ ಅಜ್ಜಿಕಥೆಗಳಲ್ಲಿ ಅವನು ಏಳು ಸಮುದ್ರದಾಚೆಯ ಗಿಳಿಯೊಳಗೆ ಪ್ರಾಣವಿಟ್ಟ ರಾಕ್ಷಸ. ಗಿಳಿಗೂ ಲಿಚ್‌ನ ಪೆಟ್ಟಿಗೆಗೂ ಒಂದು ವ್ಯತ್ಯಾಸವಿದೆ: ಪೆಟ್ಟಿಗೆ ನಿರ್ಜೀವ, ಗಿಳಿಗೆ ಹಸಿವಿದೆ, ಮುಪ್ಪಿದೆ, ಹಾರುವ ಆಸೆ ಇದೆ. ಅಮರನಾಗಲು ಹೊರಟವನು ಒಂದು ಪುಟ್ಟ ಜೀವದ ಆರೈಕೆಗೆ ಬಿದ್ದಿದ್ದಾನೆ. ಎರಡರಲ್ಲಿ ಆರಿಸುವುದಾದರೆ ಗಿಳಿಯನ್ನೇ ಆರಿಸಿ.

ದೈವವಾದವರು

ಶಿವಪ್ಪನಾಯಕನ ಅರಮನೆಯ ವಸ್ತುಸಂಗ್ರಹಾಲಯದಲ್ಲಿ ಸಾಲಾಗಿ ನಿಲ್ಲಿಸಿರುವ ವೀರಗಲ್ಲುಗಳನ್ನು ಒಮ್ಮೆ ಕೆಳಗಿನಿಂದ ಮೇಲಕ್ಕೆ ಓದಿ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಅವನು ಲಿಂಗದ ಮುಂದೆ ಕುಳಿತಿರುವುದು. ಅದು ಸಾವಿನ ನಕ್ಷೆ. ಆ ಕಲ್ಲಿಗೆ ಪೂಜೆ ನಡೆಯುವಷ್ಟು ಕಾಲ ಅವನು ಊರಿಗೆ ಕಾವಲು. ಬನದಲ್ಲಿ ನೆಲೆಸಿದ ಭೂತ, ಗದ್ದೆಯಂಚಿನ ಚೌಡಿ, ತುಳುನಾಡಿನ ಗರಡಿಗಳ ವೀರರು ಇವರೆಲ್ಲರ ಕಥೆಗಳಲ್ಲಿ ಸಾವು ಮುಗಿತಾಯವಲ್ಲ. ಹಲವರಿಗೆ ಅದು ಬಡ್ತಿ. ತುಳುವಿನ ಹಾಡುಕಥೆಗಳಾದ ಪಾಡ್ದನಗಳು ಈ ಲೋಕವನ್ನು ಜೋಗವೆಂದೂ ಆ ಲೋಕವನ್ನು ಮಾಯವೆಂದೂ ಕರೆಯುತ್ತವೆ. ಒಂದರಿಂದ ಇನ್ನೊಂದಕ್ಕೆ ಸಂದವರು ಪಾತ್ರಿಯ ಮೈಮೇಲೆ ಬಂದು ನ್ಯಾಯ ಹೇಳುತ್ತಾರೆ.

ಸತ್ತವರನ್ನು ಕರೆದು ಕೇಳುವುದೇ ಪ್ರೇತವಿದ್ಯೆಯ ಹಳೆಯ ಅರ್ಥ. ಆ ವಿದ್ಯೆಯ ಗ್ರೀಕ್ ಹೆಸರಿನಲ್ಲಿಯೂ ಇರುವುದು ಸತ್ತವರ ಮೂಲಕ ಕಣಿ ಕೇಳುವ ಮಾತೇ, ಸೈನ್ಯ ಕಟ್ಟುವುದಲ್ಲ. ಆ ದೃಷ್ಟಿಯಿಂದ ದರ್ಶನ ಕೇಳಲು ಹರಕೆ ಹೊತ್ತು ಹೋಗುವ ಊರಿನವರು ಮೂಲ ಅರ್ಥಕ್ಕೆ ಹೆಚ್ಚು ಹತ್ತಿರ. ಆದರೆ ಇಲ್ಲಿ ನನ್ನದೊಂದು ಬಿನ್ನಹವಿದೆ. ಇವು ನಿನ್ನೆಯ ಕಥೆಗಳಲ್ಲ, ಇಂದಿನ ನಂಬಿಕೆಗಳು. ನಾಳೆ ಬೆಳಿಗ್ಗೆ ಯಾರೋ ಒಬ್ಬರು ಆ ಕಲ್ಲಿನ ಮುಂದೆ ಎಡೆ ಇಡುತ್ತಾರೆ. ಕಥೆಯಲ್ಲಿ ದೈವದ ಕ್ರಮವನ್ನು, ಕಟ್ಟಳೆಯನ್ನು ಬಳಸಿ. ಹೆಸರನ್ನು ನೀವೇ ಹುಟ್ಟಿಸಿ. ಯಾರದೋ ಮನೆಯ ದೈವವನ್ನು ನಿಮ್ಮ ಖಳನಾಯಕನ ಕೈಗೊಂಬೆ ಮಾಡಬೇಡಿ.

ವಿದ್ಯೆ ಯಾರ ಕೈಯಲ್ಲಿದೆ?

ಕಪ್ಪು ಬಟ್ಟೆಯ ಒಂಟಿ ಮಾಂತ್ರಿಕನ ಚಿತ್ರ ಹಳತಾಯಿತು. ಶಿಕಾರಿಪುರ ತಾಲೂಕಿನ ಬಳ್ಳಿಗಾವಿಗೆ ಹೋಗಿ ಕೇದಾರೇಶ್ವರ ದೇವಾಲಯವನ್ನು ನೋಡಿ ಬನ್ನಿ. ಅಲ್ಲಿದ್ದ ಕೋಡಿಯಮಠ ಕಾಳಾಮುಖರೆಂಬ ಶೈವ ಪಂಥದವರದು. ಅವರ ವಿರೋಧಿ ಪಂಥದ ರಾಮಾನುಜರು ಶ್ರೀಭಾಷ್ಯದಲ್ಲಿ ಕಾಳಾಮುಖರೆಂದರೆ ಕಪಾಲದಲ್ಲಿ ಉಣ್ಣುವವರು, ಹೆಣದ ಬೂದಿ ಬಳಿದುಕೊಳ್ಳುವವರು ಎಂದು ಬರೆದಿದ್ದಾರೆ. 1162ರ ಶಾಸನವೋ ಅದೇ ಮಠವನ್ನು ವೇದ, ವ್ಯಾಕರಣ, ದರ್ಶನಗಳನ್ನು ಕಲಿಸುವ ನೆಲೆ, ಹಸಿದವರಿಗೆ ಅನ್ನ, ರೋಗಿಗಳಿಗೆ ಔಷಧ ಕೊಡುವ ಜಾಗ ಎಂದು ವರ್ಣಿಸುತ್ತದೆ. ಹೊರಗಿನವರ ಬಾಯಲ್ಲಿ ಕಪಾಲ, ಕಲ್ಲಿನ ಮೇಲೆ ಅನ್ನಛತ್ರ. ನಿಮ್ಮ ಲೋಕದ ಪ್ರೇತವಿದ್ಯೆಯ ಮಠವನ್ನು ಈ ಎರಡು ಮಾತುಗಳ ನಡುವೆ ಕಟ್ಟಿ. ಸಾಯುವವರ ಪಕ್ಕದಲ್ಲಿ ಕೂರುವವರೇ ಸತ್ತವರ ಭಾಷೆಯನ್ನೂ ಕಲಿತಿರುತ್ತಾರೆ ಎನ್ನುವುದು ನನಗೆ ಸಹಜವಾಗಿ ಕಾಣುತ್ತದೆ.

ಹಾಗಾದರೆ ಯಾವುದು?

ಒಂದು ಸಂಜೆಯ ಆಟಕ್ಕೆ ಎದ್ದು ನಡೆಯುವ ಹೆಣ ಸಾಕು. ಹೆಣಗಳು ಎಲ್ಲಿಂದ ಬಂದವೆಂದು ಯಾರಾದರೂ ಕೇಳಿದರೆ ಉತ್ತರ ಸಿದ್ಧವಿರಲಿ. ಹಲವು ವಾರ ನಡೆಯುವ ಆಟಕ್ಕೆ ಬೇತಾಳ ಒಳ್ಳೆಯದು. ಪ್ರತಿ ಸಲ ಹೊಸ ಒಗಟು ತರುತ್ತಾನೆ. ಸಣ್ಣಕಥೆಗೆ ಪ್ರೇತದ ಹತ್ತು ದಿನಗಳಷ್ಟು ಹೊಂದುವ ಚೌಕಟ್ಟು ಬೇರೆ ಇಲ್ಲ. ಸಂಜೀವಿನಿಯನ್ನು ದೊಡ್ಡ ಕಾದಂಬರಿಯಲ್ಲಿ ಒಂದೇ ಒಂದು ಸಲ ಬಳಸಿ.

ನನ್ನ ಆಯ್ಕೆಯನ್ನು ಕೇಳಿದರೆ, ಪ್ರೇತದ ದಾರಿಗೆ ಇನ್ನೊಂದು ನಿಯಮ ಸೇರಿಸುತ್ತೇನೆ: ಋಣ. ನಮ್ಮಲ್ಲಿ ಸತ್ತರೆ ‘ಋಣ ಹರಿಯಿತು’ ಎನ್ನುತ್ತೇವೆ. ಹರಿಯದಿದ್ದರೆ? ಸತ್ತವರಿಗೆ ಬದುಕಿರುವವರಿಂದ ಬರಬೇಕಾದದ್ದು ಏನಾದರೂ ಉಳಿದಿದ್ದರೆ, ಒಂದು ಮಾತು, ಒಂದು ತುತ್ತು, ಒಂದು ಎಕರೆ, ಆ ಬಾಕಿಯೇ ಅವರನ್ನು ಹಿಡಿದಿಡುವ ಹಗ್ಗ. ಆಗ ಪ್ರೇತವಿದ್ಯೆಯವನು ಸ್ಮಶಾನದಲ್ಲಿ ಅಲೆಯಬೇಕಿಲ್ಲ. ಅಡಿಕೆ ಮಂಡಿಯ ಸಾಹುಕಾರನ ಹಾಗೆ ಲೆಕ್ಕದ ಪುಸ್ತಕ ಹಿಡಿದು ಮನೆ ಮನೆಗೆ ಬರುತ್ತಾನೆ. ‘ನಿಮ್ಮ ತಂದೆಗೆ ನೀವು ಕೊಡಬೇಕಾದದ್ದನ್ನು ನನಗೆ ಬರೆದುಕೊಡಿ, ನಿಮಗೆ ಆ ಚಿಂತೆ ಬೇಡ’ ಎನ್ನುತ್ತಾನೆ. ಬರೆದುಕೊಟ್ಟ ಕ್ಷಣದಿಂದ ತಂದೆ ಅವನ ಆಳು. ಬಿಡಿಸಲು ಕತ್ತಿ ಬೇಡ, ಮಂತ್ರ ಬೇಡ. ಕೊಡಬೇಕಾಗಿದ್ದನ್ನು ಕೊಟ್ಟು ಎಳ್ಳುನೀರು ಬಿಟ್ಟರೆ ಸಾಕು. ಆದರೆ ಏನು ಕೊಡಬೇಕಿತ್ತೆಂದು ನೆನಪಿರಬೇಕು.

ಈ ನಿಯಮಕ್ಕೆ ನೆಲವನ್ನು ಹುಡುಕುತ್ತಾ ನಾನು ಹೋಗಿ ನಿಲ್ಲುವುದು ಶರಾವತಿಯ ಹಿನ್ನೀರಿನಲ್ಲಿ. ಲಿಂಗನಮಕ್ಕಿ ಅಣೆಕಟ್ಟೆ ಮುಗಿದದ್ದು 1964ರಲ್ಲಿ. ಪೂರ್ಣಮಟ್ಟ 1,819 ಅಡಿ. ಅದರಡಿ ಮನೆ, ಗದ್ದೆ, ಬನಗಳೊಡನೆ ಹಿರಿಯರ ಮಸಣಗಳೂ ಮುಳುಗಿದವು. ಅದಕ್ಕೂ ಮೊದಲು ಮಡೆನೂರಿನಲ್ಲಿ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೆ ಕೂಡ ಈಗ ನೀರಿನೊಳಗಿದೆ. ನೀರು ತೀರಾ ಇಳಿದ ಬೇಸಗೆಗಳಲ್ಲಿ ಅದರ ಗೋಡೆ ಮೇಲೇಳುತ್ತದೆ. ನಾನು ಬರೆಯುತ್ತಿರುವ ಕಥೆಯಲ್ಲಿ ಆ ಗೋಡೆ ಕಾಣುವ ಕೆಲವೇ ವಾರಗಳು ಲೆಕ್ಕ ತೀರಿಸುವ ಕಾಲ. ಎಲ್ಲೆಲ್ಲಿಗೋ ಹೋಗಿ ನೆಲೆಸಿದ ಕುಟುಂಬಗಳು ಎಡೆ ಹೊತ್ತು ಬಿರುಕುಬಿಟ್ಟ ಕೆಸರಿನ ಮೇಲೆ ನಡೆದು ಬರುತ್ತವೆ. ತಮ್ಮ ಮನೆಯ ಹೊಸ್ತಿಲ ಕಲ್ಲು ಯಾವುದೆಂದು ಹುಡುಕಬೇಕು. ಸಿಕ್ಕಿ ಎಡೆ ಇಟ್ಟರೆ ಆ ಲೆಕ್ಕದ ಪುಸ್ತಕದಿಂದ ಒಂದು ಹೆಸರು ಅಳಿಯುತ್ತದೆ. ತಪ್ಪು ಕಲ್ಲಿನ ಮುಂದೆ ಇಟ್ಟರೆ ಬೇರೆ ಯಾರೋ ಉಂಡು ಹೋಗುತ್ತಾರೆ, ತಮ್ಮವರು ಹಸಿದೇ ಇರುತ್ತಾರೆ. ಮೊದಲ ಮಳೆ ಬೀಳುವುದರೊಳಗೆ ಇದೆಲ್ಲ ಆಗಬೇಕು.

ಹಸ್ತಪ್ರತಿಯ ಹುಡುಗ ಕಳೆದ ತಿಂಗಳು ಮತ್ತೆ ಬಂದಿದ್ದ. ಕವಲೇದುರ್ಗವನ್ನು ಉಳಿಸಿಕೊಂಡಿದ್ದಾನೆ. ಹತ್ತು ಸಾವಿರ ಅಸ್ಥಿಪಂಜರಗಳು ಈಗ ಹನ್ನೊಂದು ಜನರಾಗಿದ್ದಾರೆ. ಹನ್ನೊಂದೇ ಏಕೆಂದು ಕೇಳಿದೆ. ಅಷ್ಟು ಜನರಿಗೆ ಮಾತ್ರ ಹೆಸರಿಡಲು, ಯಾರ್ಯಾರಿಂದ ಅವರಿಗೆ ಏನೇನು ಬರಬೇಕಿತ್ತು ಎಂದು ಬರೆಯಲು ತನಗೆ ಸಾಧ್ಯವಾಯಿತು ಎಂದ. ಹನ್ನೆರಡನೆಯವಳೊಬ್ಬಳು ಕೋಟೆಯ ಕೊಳದ ಮೆಟ್ಟಿಲ ಮೇಲೆ ಕುಳಿತಿದ್ದಾಳಂತೆ. ಅವಳಿಗೆ ಯಾರು ಏನು ಬಾಕಿ ಇಟ್ಟಿದ್ದಾರೆ ಎನ್ನುವುದು ಅವನಿಗೆ ಇನ್ನೂ ಹೊಳೆದಿಲ್ಲ.